ಗುಂಡೇಟು ತಿಂದ ಬೋರ್ಡು

ಅಮೆರಿಕದಲ್ಲಿ ದೊಡ್ಡ ಹೆದ್ದಾರಿಯನ್ನು ಬಿಟ್ಟು ಊರೂರು ಹಾಯುವ ಹಳೆಯ ರಸ್ತೆ ಹಿಡಿದರೆ ಅಲ್ಲಲ್ಲಿ ಒಂದು ಕಂಬ ಕಾಣಿಸುತ್ತದೆ. ಕಂಬದ ನೆತ್ತಿಯಲ್ಲಿ ಎರಕ ಹೊಯ್ದ ಲೋಹದ ಫಲಕ, ಅದರ ಮೇಲೆ ಉಬ್ಬಕ್ಷರಗಳಲ್ಲಿ ಏಳೆಂಟು ಸಾಲು. ಇಲ್ಲಿ ಇಂಥ ಯುದ್ಧ ನಡೆಯಿತು, ಇಲ್ಲಿ ಇಂಥವರು ಹುಟ್ಟಿದರು, ಇಲ್ಲಿ ಊರಿನ ಮೊದಲ ಹಿಟ್ಟಿನ ಗಿರಣಿ ಇತ್ತು, ಇಂಥ ಮಾತುಗಳು. ಊರಿನವರು ಅದರ ಪಕ್ಕದಲ್ಲೇ ದಿನಾ ಓಡಾಡುತ್ತಾರೆ, ಓದಿದವರನ್ನು ನಾನು ಕಂಡಿದ್ದು ಕಡಿಮೆ. ನನಗೆ ಮಾತ್ರ ಅದು ಕಂಡರೆ ಕಾರು ನಿಲ್ಲಿಸದೆ ಮುಂದೆ ಹೋಗಲು ಆಗುವುದಿಲ್ಲ.

"ಮತ್ತೆ ಬೋರ್ಡಾ ರೀ? ಹೀಗೇ ನಿಲ್ಲಿಸ್ತಾ ಹೋದ್ರೆ ನಾವು ಊಟದ ಹೊತ್ತಿಗೆ ಊರು ಸೇರಿದ ಹಾಗೇ" ಅಂತ ಹೆಂಡತಿ ಗೊಣಗುತ್ತಾಳೆ. ಅವಳ ಮಾತಿನಲ್ಲೂ ನ್ಯಾಯ ಇದೆ. ಗಿರಣಿಯ ಕಥೆ ಓದಲು ಹತ್ತು ನಿಮಿಷ ಹಾಳು ಮಾಡುವವನ ಜೊತೆ ಪ್ರಯಾಣ ಮಾಡುವುದು ಸುಲಭವಲ್ಲ.

ಈ ಬೋರ್ಡುಗಳು ಹುಟ್ಟಿದ್ದೇ ಕಾರಿನ ಕಾಲದಲ್ಲಿ. 1920ರ ದಶಕದಲ್ಲಿ ಜನ ಸ್ವಂತ ಕಾರಿನಲ್ಲಿ ಊರು ನೋಡಲು ಹೊರಟರು, ರಾಜ್ಯಗಳು ಪ್ರವಾಸಿಗಳನ್ನು ಕರೆಯಲು ಪೈಪೋಟಿಗೆ ಬಿದ್ದವು. ನ್ಯೂಯಾರ್ಕ್ ರಾಜ್ಯ 1926ರಲ್ಲಿ, ಕ್ರಾಂತಿಯ 150ನೇ ವರ್ಷದ ನೆಪದಲ್ಲಿ, ನೀಲಿ-ಹಳದಿ ಫಲಕಗಳನ್ನು ನೆಡಲು ಶುರು ಮಾಡಿತು. ಮರುವರ್ಷ ವರ್ಜೀನಿಯಾ ತನ್ನ ಬಿಳಿ ಬೋರ್ಡು, ಕಪ್ಪು ಅಕ್ಷರದ ಯೋಜನೆ ತೆರೆಯಿತು. ಈಗ ವರ್ಜೀನಿಯಾ ಒಂದರಲ್ಲೇ 2,600ಕ್ಕೂ ಹೆಚ್ಚು ಫಲಕ ನಿಂತಿವೆ. ಟೆಕ್ಸಾಸಿನಲ್ಲಿ 16,000 ದಾಟಿವೆ.

ಇವನ್ನೆಲ್ಲ ಒಂದು ಸರ್ಕಾರಿ ಇಲಾಖೆ ಕೂತು ಬರೆಯಿಸಿದೆ ಅಂತ ಅಂದುಕೊಳ್ಳಬೇಡಿ. ನಮ್ಮ ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಹಾಗೆ ಇದಕ್ಕೆ ಒಬ್ಬ ಯಜಮಾನ ಇಲ್ಲ. ರಾಜ್ಯ ನೆಟ್ಟದ್ದಿದೆ, ಕೌಂಟಿ ನೆಟ್ಟದ್ದಿದೆ, ಚರ್ಚು, ಮಹಿಳಾ ಸಂಘ, ಹಳೆಯ ಮನೆತನ ನೆಟ್ಟದ್ದೂ ಇದೆ. ಎಷ್ಟೋ ರಾಜ್ಯಗಳಲ್ಲಿ ಬೋರ್ಡು ಬೇಕಾದವರು ಅರ್ಜಿ ಹಾಕಬೇಕು, ದಾಖಲೆ ಒದಗಿಸಬೇಕು, ಎರಕದ ದುಡ್ಡನ್ನೂ ಕೈಯಿಂದಲೇ ಕೊಡಬೇಕು. ಅಂದರೆ ಯಾರ ಹತ್ತಿರ ದುಡ್ಡು, ಪುರುಸೊತ್ತು ಮತ್ತು ಕಚೇರಿಯಲ್ಲಿ ಪರಿಚಯ ಇತ್ತೋ ಅವರ ಇತಿಹಾಸ ರಸ್ತೆ ಬದಿಗೆ ಬಂತು. ಉಳಿದವರದ್ದು ಮನೆಯೊಳಗೆ ಬಾಯಿಂದ ಬಾಯಿಗೆ ಉಳಿಯಿತು.

ಹಾಗಾಗಿ ನಾನು ಬೋರ್ಡು ಓದುವಾಗ ಮೊದಲು ನೋಡುವುದು ಕೊನೆಯ ಸಾಲು. ಬಹಳಷ್ಟು ಫಲಕಗಳಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಯಾರು ನೆಟ್ಟರು, ಯಾವ ಇಸವಿಯಲ್ಲಿ ನೆಟ್ಟರು ಅಂತ ಇರುತ್ತದೆ. ಪ್ರತಿ ಬೋರ್ಡಿಗೂ ಎರಡು ತಾರೀಖು: ಘಟನೆ ನಡೆದದ್ದು ಒಂದು, ಬೋರ್ಡು ನಿಂತದ್ದು ಇನ್ನೊಂದು. ಮೇಲಿನ ತಾರೀಖಿನ ಬಗ್ಗೆ ಬೋರ್ಡು ಸುಳ್ಳು ಹೇಳಬಹುದು. ಕೆಳಗಿನ ತಾರೀಖಿನ ಬಗ್ಗೆ, ತನಗೇ ಗೊತ್ತಿಲ್ಲದ ಹಾಗೆ, ನಿಜ ಹೇಳಿಬಿಡುತ್ತದೆ.

ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್ ಊರಿನ ಬೋರ್ಡನ್ನೇ ನೋಡಿ. ಗುಲಾಮಗಿರಿ ಹೋಗಿ ಇನ್ನೂ ಹತ್ತು ವರ್ಷವಾಗಿರಲಿಲ್ಲ. 1872ರ ರಾಜ್ಯಪಾಲರ ಚುನಾವಣೆಯಲ್ಲಿ ಗೆದ್ದವರು ಯಾರು ಅನ್ನುವ ಜಗಳ ಊರೂರಿಗೆ ಹಬ್ಬಿತ್ತು. ಕೋಲ್‌ಫ್ಯಾಕ್ಸಿನ ಕೋರ್ಟು ಕಟ್ಟಡವನ್ನು ಕಪ್ಪು ಜನ ಕಾವಲು ಕಾಯುತ್ತಿದ್ದರು. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ, ಬಿಳಿಯರ ಶಸ್ತ್ರಸಜ್ಜಿತ ಗುಂಪು ಫಿರಂಗಿ ಸಮೇತ ಬಂದು ಮುತ್ತಿಗೆ ಹಾಕಿತು. ಕಟ್ಟಡಕ್ಕೆ ಬೆಂಕಿ ಬಿತ್ತು. ಶರಣಾದವರನ್ನೂ ಬಿಡದೆ ಗುಂಡಿಟ್ಟು ಕೊಂದರು. ಸತ್ತ ಕಪ್ಪು ಜನ ಕಡಿಮೆಯೆಂದರೆ 60, ಹೆಚ್ಚೆಂದರೆ 150. ಸತ್ತ ಬಿಳಿಯರು ಮೂವರು. ಕೇಸು ನಡೆದು ಕೆಲವರಿಗೆ ಶಿಕ್ಷೆಯಾಯಿತು, ಆದರೆ 1876ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಗಳನ್ನೂ ಹೊಡೆದುಹಾಕಿತು.

1950ರಲ್ಲಿ ಲೂಯಿಸಿಯಾನಾ ರಾಜ್ಯ ಆ ಜಾಗದಲ್ಲಿ ಬೋರ್ಡು ನೆಟ್ಟಿತು. ಅದರ ತಲೆಬರಹ "ಕೋಲ್‌ಫ್ಯಾಕ್ಸ್ ದೊಂಬಿ". ಇಲ್ಲಿ ಮೂವರು ಬಿಳಿಯರು, 150 ಮಂದಿ ನೀಗ್ರೋಗಳು ಸತ್ತರು ಅಂತ ಲೆಕ್ಕ ಕೊಟ್ಟಿತ್ತು. ಇದರೊಂದಿಗೆ ದಕ್ಷಿಣದಲ್ಲಿ ಕಾರ್ಪೆಟ್‌ಬ್ಯಾಗರುಗಳ ದುರಾಡಳಿತ ಕೊನೆಯಾಯಿತು ಅಂತ ಮುಗಿಸಿತ್ತು. ಕಾರ್ಪೆಟ್‌ಬ್ಯಾಗರ್ ಅಂದರೆ ಯುದ್ಧದ ನಂತರ ಉತ್ತರದಿಂದ ಬಂದವರಿಗೆ ದಕ್ಷಿಣದವರು ಇಟ್ಟ ಅಡ್ಡಹೆಸರು. 150 ಜನರ ಸಾವನ್ನು ಬರೆದು, ಅದೇ ಉಸಿರಿನಲ್ಲಿ 'ಪೀಡೆ ತೊಲಗಿತು' ಅಂದ ಹಾಗೆ! ಇದರಿಂದ 1873ರ ಬಗ್ಗೆ ತಿಳಿಯುವುದು ಕಡಿಮೆ. ಆದರೆ 1950ರಲ್ಲಿ ಅಲ್ಲಿ ಬೋರ್ಡು ಬರೆಯುವ ಅಧಿಕಾರ ಯಾರ ಕೈಯಲ್ಲಿತ್ತು, ಯಾರಿಗೆ ಓದಿ ಸುಮ್ಮನಿರುವ ಗತಿ ಇತ್ತು ಅನ್ನುವುದು ಪೂರ್ತಿ ತಿಳಿಯುತ್ತದೆ. ಮುಕ್ಕಾಲು ಶತಮಾನದ ಹತ್ತಿರ ನಿಂತಿದ್ದ ಆ ಬೋರ್ಡನ್ನು 2021ರ ಮೇ ತಿಂಗಳಲ್ಲಿ ಕಿತ್ತರು. 2023ರಲ್ಲಿ, ಘಟನೆಗೆ 150 ವರ್ಷ ತುಂಬಿದ ದಿನ, ಸತ್ತ ಕಪ್ಪು ಜನರ ಹೆಸರು ಕೆತ್ತಿದ ಹೊಸ ಸ್ಮಾರಕ ಬಂತು. ಕೊಂದವರ ವಂಶದ ಒಬ್ಬರು, ಸತ್ತವರ ವಂಶದ ಒಬ್ಬರು ಸೇರಿ ಅದಕ್ಕಾಗಿ ದುಡಿದರು.

ಎಲ್ಲ ಊರಿನಲ್ಲೂ ಬೋರ್ಡು ಕೀಳುವುದಿಲ್ಲ. ಕೆಲವು ಕಡೆ ತಿದ್ದುತ್ತಾರೆ. ದಕ್ಷಿಣ ಡಕೋಟಾದ ಪೈನ್ ರಿಡ್ಜ್ ಮೀಸಲು ಪ್ರದೇಶದಲ್ಲಿ ವೂಂಡೆಡ್ ನೀ ಅನ್ನುವ ಜಾಗ ಇದೆ. 1890ರ ಡಿಸೆಂಬರ್ 29ರಂದು ಅಮೆರಿಕದ ಏಳನೇ ಅಶ್ವದಳ ಅಲ್ಲಿ ಬೀಡು ಬಿಟ್ಟಿದ್ದ ಲಕೋಟಾ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದುಹಾಕಿತು. ಸತ್ತವರು 150ರಿಂದ 300ರವರೆಗೆ ಅಂತ ಅಂದಾಜು. ಸೈನಿಕರಿಗೆ ದೇಶದ ಅತ್ಯುನ್ನತ ಶೌರ್ಯ ಪದಕಗಳನ್ನೂ ಕೊಟ್ಟರು. ರಸ್ತೆ ಬದಿಯಲ್ಲಿ ಒಂದು ದೊಡ್ಡ ಕೆಂಪು ಬೋರ್ಡು ಇದೆ. ಅದರ ತಲೆಬರಹದಲ್ಲಿ ಒಂದು ಪದ ಮಾತ್ರ ಬೇರೆ ತುಂಡಿನ ಮೇಲಿದೆ. ಮೊದಲು ಅಲ್ಲಿ 'ಕದನ' ಅಂತ ಇತ್ತು. ಆ ಪದದ ಮೇಲೆ ಇನ್ನೊಂದು ಹಲಗೆ ಹೊಡೆದು 'ಹತ್ಯಾಕಾಂಡ' ಅಂತ ಬರೆದರು. ಹೊಸ ಬೋರ್ಡು ಮಾಡಿಸಿದ್ದರೆ ಚೊಕ್ಕವಾಗಿ ಕಾಣುತ್ತಿತ್ತು. ಆದರೆ ಆ ತೇಪೆಯೇ ಹೆಚ್ಚು ಹೇಳುತ್ತದೆ ಅಂತ ನನಗನಿಸುತ್ತದೆ. ಹಿಂದೆ ಏನಂದಿದ್ದರು, ಈಗ ಏನನ್ನುತ್ತಾರೆ, ಎರಡೂ ಒಂದೇ ಬೋರ್ಡಿನಲ್ಲಿ ಸಿಗುತ್ತವೆ.

ಇನ್ನು ಕೆಲವು ಕಡೆ ಬೋರ್ಡು ನಿಲ್ಲಲೇ ಬಿಡುವುದಿಲ್ಲ. ಅಲಬಾಮಾದ ಮಾಂಟ್‌ಗೊಮರಿ ಪೇಟೆಯಲ್ಲಿ ಕಾನ್ಫೆಡರೇಟ್ ಕಾಲದ ನೆನಪಿಗೆ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಹೂಡಿದ ದಕ್ಷಿಣದ ರಾಜ್ಯಗಳ ನೆನಪಿಗೆ, ಹತ್ತಾರು ಫಲಕಗಳಿದ್ದವು. ಅದೇ ಬೀದಿಗಳಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಿದ್ದರು ಅನ್ನುವುದಕ್ಕೆ ಗುರುತು ಇರಲಿಲ್ಲ ಅಂದರೂ ಸರಿ. ವಕೀಲ ಬ್ರಯನ್ ಸ್ಟೀವನ್‌ಸನ್ ಅವರ ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಸಂಸ್ಥೆ ಗುಲಾಮರ ವ್ಯಾಪಾರದ ಬಗ್ಗೆ ಫಲಕ ಹಾಕಲು ಹೊರಟಾಗ ರಾಜ್ಯದ ದಾಖಲೆ ಇಲಾಖೆ, ವಿವಾದವಾದೀತು ಅಂತ, ಹಿಂದೆ ಸರಿಯಿತು. ಕೊನೆಗೆ ಬೇರೊಂದು ಮಂಡಳಿಯ ಬೆಂಬಲದಿಂದ 2013ರಲ್ಲಿ ಮೂರು ಫಲಕ ನಿಂತವು. ಐದು ವರ್ಷದ ನಂತರ ಅದೇ ಸಂಸ್ಥೆ ಅದೇ ಊರಿನ ಗುಡ್ಡದ ಮೇಲೆ ಲಿಂಚಿಂಗ್‌ಗೆ ಬಲಿಯಾದವರ ರಾಷ್ಟ್ರೀಯ ಸ್ಮಾರಕ ತೆರೆಯಿತು. 1877ರಿಂದ 1950ರವರೆಗೆ ಗುಂಪು ಸೇರಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ಲೆಕ್ಕ ಅಲ್ಲಿದೆ. ಕೌಂಟಿಗೆ ಒಂದರಂತೆ 800 ಉಕ್ಕಿನ ಕಂಬಗಳು ತೂಗುತ್ತವೆ.

ಇದೆಲ್ಲ ಕಪ್ಪು-ಬಿಳಿಯರ ಸಂಗತಿ, ನಮಗೇನು ಅಂತ ಇಲ್ಲಿನ ನಮ್ಮವರು ಕೆಲವರು ಕೇಳುವುದುಂಟು. ಅಂಥವರಿಗೆ ನಾನು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನ ಹೆಸರು ಹೇಳುತ್ತೇನೆ. 1907ರ ಸೆಪ್ಟೆಂಬರ್ 4ರ ರಾತ್ರಿ ಅಲ್ಲಿ ನೂರಾರು ಬಿಳಿಯರ ಗುಂಪು ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು ಹಾಸಿಗೆಯಿಂದ ಎಬ್ಬಿಸಿ, ಹೊಡೆದು, ಊರು ಬಿಡಿಸಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಪತ್ರಿಕೆಗಳು ಬರೆದದ್ದು 'ಹಿಂದೂಗಳು' ಅಂತ. ಓಡಿಸಿದವರಿಗೆ ಅವರು ಯಾರು ಅನ್ನುವುದೂ ಬೇಕಿರಲಿಲ್ಲ. ಆ ಊರಿನಲ್ಲಿ ಈ ಘಟನೆಯ ನೆನಪಿಗೆ ಕೆಂಪು ಗ್ರಾನೈಟಿನ ಕಮಾನು ಎದ್ದದ್ದು 2018ರಲ್ಲಿ. 111 ವರ್ಷ ಬೇಕಾಯಿತು.

ಬೋರ್ಡು ನಿಲ್ಲಿಸುವುದು ಕಷ್ಟ ಅಂತ ಗೊತ್ತಿತ್ತು. ನಿಂತ ಬೋರ್ಡನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ ಅಂತ ತಿಳಿದದ್ದು ಮಿಸಿಸಿಪಿಯ ಟಲ್ಲಹಾಚಿ ನದಿಯ ದಂಡೆಯಲ್ಲಿ. ಈ ಲೇಖನ ಬರೆಯಲು ಕೂತದ್ದೇ ಆ ಒಂದು ಬೋರ್ಡಿನ ಸಲುವಾಗಿ.

ಎಮೆಟ್ ಟಿಲ್ ಅನ್ನುವ ಹುಡುಗನ ಹೆಸರು ನೀವು ಕೇಳಿರಬಹುದು. ಷಿಕಾಗೋದವನು, ವಯಸ್ಸು 14. 1955ರ ಆಗಸ್ಟಿನಲ್ಲಿ ರಜೆಗೆಂದು ಮಿಸಿಸಿಪಿಯ ಮನಿ ಅನ್ನುವ ಹಳ್ಳಿಯ ಹತ್ತಿರ ತಾಯಿಯ ಕಡೆಯ ಸಂಬಂಧಿ ಮೋಸಸ್ ರೈಟ್ ಅವರ ಮನೆಗೆ ಬಂದಿದ್ದ. ಅಲ್ಲಿನ ಬ್ರಯಂಟ್ ದಿನಸಿ ಅಂಗಡಿಗೆ ಮಿಠಾಯಿ ಕೊಳ್ಳಲು ಹೋದವನು ಗಲ್ಲಾದಲ್ಲಿದ್ದ ಬಿಳಿಯ ಹೆಂಗಸನ್ನು ನೋಡಿ ಸಿಳ್ಳೆ ಹಾಕಿದ ಅಂತ ಆರೋಪ. ಆಗಸ್ಟ್ 28ರ ನಡುರಾತ್ರಿ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲಸಹೋದರ ಜೆ. ಡಬ್ಲ್ಯು. ಮೈಲಮ್ ಬಂದು ಹುಡುಗನನ್ನು ಹಾಸಿಗೆಯಿಂದ ಎಬ್ಬಿಸಿ ಕರೆದೊಯ್ದರು. ಮೂರು ದಿನದ ನಂತರ ಹೆಣ ನದಿಯಲ್ಲಿ ಸಿಕ್ಕಿತು. ಕುತ್ತಿಗೆಗೆ ಹತ್ತಿ ಜಿನ್ನಿಂಗ್ ಮಿಲ್ಲಿನ ಭಾರದ ಫ್ಯಾನನ್ನು ಮುಳ್ಳುತಂತಿಯಲ್ಲಿ ಬಿಗಿದಿದ್ದರು.

ತಾಯಿ ಮೇಮಿ ಟಿಲ್ ಮಗನ ಶವಪೆಟ್ಟಿಗೆಯನ್ನು ಮುಚ್ಚಲು ಬಿಡಲಿಲ್ಲ. ಅವನಿಗೆ ಏನು ಮಾಡಿದ್ದಾರೆ ಅಂತ ಜಗತ್ತು ನೋಡಲಿ ಅಂದರು. ಷಿಕಾಗೋದಲ್ಲಿ ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿದರು, ಜೆಟ್ ಪತ್ರಿಕೆಯಲ್ಲಿ ಬಂದ ಫೋಟೋವನ್ನು ದೇಶವೇ ನೋಡಿತು. ಸೆಪ್ಟೆಂಬರಿನಲ್ಲಿ ಸಮ್ನರ್ ಊರಿನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಮೋಸಸ್ ರೈಟ್ ಎದ್ದು ನಿಂತು, ತುಂಬಿದ ಕೋರ್ಟಿನಲ್ಲಿ, ಆ ಇಬ್ಬರು ಬಿಳಿಯರತ್ತ ಬೆರಳು ತೋರಿಸಿದರು. ಆ ಕಾಲದ ಮಿಸಿಸಿಪಿಯಲ್ಲಿ ಇದು ಪ್ರಾಣದ ಆಸೆ ಬಿಟ್ಟು ಮಾಡುವ ಕೆಲಸ. ಬಿಳಿಯ ಗಂಡಸರು ಮಾತ್ರ ಇದ್ದ ಜ್ಯೂರಿ ಒಂದು ಗಂಟೆಯ ಮೇಲೆ ಕೆಲವು ನಿಮಿಷಗಳಲ್ಲಿ ಇಬ್ಬರನ್ನೂ ಬಿಟ್ಟುಬಿಟ್ಟಿತು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಮಾಡುವಂತಿಲ್ಲವಲ್ಲ, 1956ರ ಜನವರಿಯಲ್ಲಿ ಅವರು ದುಡ್ಡು ಪಡೆದು ಲುಕ್ ಪತ್ರಿಕೆಗೆ ನಾವೇ ಕೊಂದೆವು ಅಂತ ಕಥೆ ಹೇಳಿದರು.

ಆಮೇಲೆ ಮೌನ. 2005ರಲ್ಲಿ ಒಂದು ಹೆದ್ದಾರಿಯ ತುಂಡಿಗೆ ಅವನ ಹೆಸರಿಡುವವರೆಗೆ, ಸುಮಾರು 50 ವರ್ಷ, ಇಡೀ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ನೆನಪಿಗೆ ಒಂದು ಫಲಕ ಇರಲಿಲ್ಲ. 2006ರಲ್ಲಿ ಟಲ್ಲಹಾಚಿ ಕೌಂಟಿಯಲ್ಲಿ ಕಪ್ಪು ಮತ್ತು ಬಿಳಿಯ ಸ್ಥಳೀಯರು ಸೇರಿ ಒಂದು ಸ್ಮಾರಕ ಆಯೋಗ ಮಾಡಿಕೊಂಡರು. 2007ರ ಅಕ್ಟೋಬರ್ 2ರಂದು ಅದೇ ಸಮ್ನರ್ ಕೋರ್ಟಿನ ಮುಂದೆ ಅವನ ಕುಟುಂಬದ ಕ್ಷಮೆ ಕೇಳುವ ಪತ್ರ ಓದಿದರು. ಕಥೆಗೆ ಸಂಬಂಧಿಸಿದ ಜಾಗಗಳಲ್ಲಿ ಬೋರ್ಡು ನೆಟ್ಟರು. ಅದರಲ್ಲೊಂದು ಗ್ರಾಬಾಲ್ ಲ್ಯಾಂಡಿಂಗ್ ಅನ್ನುವ ನದಿದಂಡೆಯಲ್ಲಿ, ಹೆಣ ಸಿಕ್ಕಿದ ಜಾಗದ ಗುರುತಿಗೆ.

ಆ ಬೋರ್ಡು ನಿಂತದ್ದು 2008ರಲ್ಲಿ. ಅದೇ ವರ್ಷ ಯಾರೋ ಅದನ್ನು ಕಿತ್ತು ನದಿಗೆ ಎಸೆದರು. ಹುಡುಗನನ್ನು ಎಸೆದ ನದಿಗೇ ಅವನ ಬೋರ್ಡನ್ನೂ ಎಸೆದರು. ಎರಡನೆಯದನ್ನು ನೆಟ್ಟರು. ಅದಕ್ಕೆ ಗುಂಡು ಹೊಡೆಯಲು ಶುರು ಮಾಡಿದರು. ವರ್ಷಗಳ ನಂತರ ಎಣಿಸಿದಾಗ ಅದರಲ್ಲಿ 317 ಗುಂಡಿನ ತೂತುಗಳಿದ್ದವು. 2018ರ ಜೂನ್‌ನಲ್ಲಿ ಮೂರನೆಯದು ನಿಂತಿತು. 35ನೇ ದಿನಕ್ಕೆ ಅದಕ್ಕೂ ಗುಂಡು ಬಿತ್ತು. 2019ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಮೂವರು ಹುಡುಗರು ಗುಂಡಿನೇಟು ಬಿದ್ದ ಬೋರ್ಡಿನ ಪಕ್ಕ ಬಂದೂಕು ಹಿಡಿದು ನಗುತ್ತಾ ನಿಂತ ಫೋಟೋ ಹೊರಬಂತು. ಆ ವರ್ಷದ ಅಕ್ಟೋಬರಿನಲ್ಲಿ ನಾಲ್ಕನೆಯದನ್ನು ನೆಟ್ಟರು. ಈ ಸಲ ಗುಂಡು ತೂರದ ಉಕ್ಕಿನ ಬೋರ್ಡು. ತೂಕ 500 ಪೌಂಡಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಎರಡೂಕಾಲು ಕ್ವಿಂಟಾಲು. ಜೊತೆಗೆ ಕ್ಯಾಮೆರಾ, ಸೈರನ್. ಎರಡೇ ವಾರದಲ್ಲಿ ಬಿಳಿಯ ಜನಾಂಗವಾದಿಗಳ ಒಂದು ತಂಡ ಬಾವುಟ ಹಿಡಿದು ಅದರ ಮುಂದೆ ವಿಡಿಯೋ ಮಾಡಲು ಬಂತು. ಸೈರನ್ ಕೂಗಿದ ಕೂಡಲೇ ಕಾಲಿಗೆ ಬುದ್ಧಿ ಹೇಳಿತು.

ನಮ್ಮ ಕಡೆ ಶಾಸನ ಬರೆಸಿದವರು ಕೊನೆಗೊಂದು ಶಾಪ ಕೆತ್ತಿಸುತ್ತಿದ್ದರು: ಇದನ್ನು ಕೆಡಿಸಿದವರು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಅಂತ. ಕಲ್ಲನ್ನು ಕಾಯಲು ಅವರಿಗೆ ಪಾಪದ ಭಯ ಸಾಕಿತ್ತು. ಇಲ್ಲಿ ಪಾಪದ ಭಯ ನಂಬಿ ಕೂರುವ ಹಾಗಿರಲಿಲ್ಲ.

2022ರ ಅಕ್ಟೋಬರಿನಲ್ಲಿ ನಾವಿಬ್ಬರೂ ಮೆಂಫಿಸಿನಿಂದ ದಕ್ಷಿಣಕ್ಕೆ ಹೋದೆವು. ಡಾಂಬರು ರಸ್ತೆ ಮುಗಿದು ಜಲ್ಲಿ ರಸ್ತೆ ಬಂತು. ಎರಡೂ ಕಡೆ ಬಿಡಿಸಲು ಬಂದ ಹತ್ತಿ. ಮನೆಯಿಲ್ಲ, ಅಂಗಡಿಯಿಲ್ಲ, ಎದುರಿಗೆ ಒಂದು ವಾಹನವಿಲ್ಲ. ಬೋರ್ಡಿಗೆ ಗುಂಡು ಹೊಡೆದವರು ದಾರಿಯಲ್ಲಿ ಹೋಗುತ್ತಾ ತಮಾಷೆಗೆ ಹೊಡೆದರು ಅಂತ ಕೆಲವರು ಹೇಳುತ್ತಾರೆ. ಇದು ಯಾರೂ ದಾರಿಯಲ್ಲಿ ಹಾಯುವ ಜಾಗವೇ ಅಲ್ಲ. ಅಲ್ಲಿಗೆ ಹೋಗಬೇಕು ಅಂತಲೇ ಹೋಗಬೇಕು.

ಮರಗಳ ನಡುವೆ ಸ್ವಲ್ಪ ಬಯಲು, ಆಚೆಗೆ ಕಂದು ಬಣ್ಣದ ನದಿ. ಅಷ್ಟೇ. ಬೋರ್ಡು ದಪ್ಪಗಿದೆ, ಕೆನ್ನೇರಳೆ ಬಣ್ಣದ ಮೇಲೆ ಒತ್ತಾದ ಅಕ್ಷರ. ನನ್ನ ಬೋರ್ಡು ಹುಚ್ಚಿಗೆ ಯಾವತ್ತೂ ಕಾರಿನಿಂದ ಇಳಿಯದವಳು ಅವತ್ತು ನನಗಿಂತ ಮೊದಲು ಇಳಿದಳು. ಮೊದಲ ಭಾಗದಲ್ಲಿ ಟಿಲ್ ಕಥೆ. ಎರಡನೆಯ ಭಾಗದಲ್ಲಿ ಬೋರ್ಡಿನದೇ ಕಥೆ: ಇಲ್ಲಿ ನೆಟ್ಟ ಫಲಕಗಳನ್ನು ಕದ್ದಿದ್ದಾರೆ, ನದಿಗೆ ಎಸೆದಿದ್ದಾರೆ, ಗುಂಡು ಹೊಡೆದಿದ್ದಾರೆ, ಮತ್ತೆ ನೆಟ್ಟಿದ್ದೇವೆ ಅಂತ. ನಾನು ನೋಡಿದ ಬೋರ್ಡುಗಳಲ್ಲಿ ತನ್ನ ಕೆಳಗಿನ ತಾರೀಖಿನ ಕಥೆಯನ್ನು ತಾನೇ ಮುಚ್ಚುಮರೆಯಿಲ್ಲದೆ ಹೇಳಿದ್ದು ಇದೊಂದೇ.

ಇತಿಹಾಸ ಬರೆಯುವಾಗ ಒಂದು ಮಾತು ಮುಚ್ಚಿಡಬಾರದು. ಹೆಣ ಸಿಕ್ಕಿದ್ದು ಇದೇ ಜಾಗದಲ್ಲೇ ಅನ್ನುವುದು ಖಚಿತವಿಲ್ಲ. ಡೇವ್ ಟೆಲ್ ಅನ್ನುವ ವಿದ್ವಾಂಸರು 2019ರ ತಮ್ಮ ಪುಸ್ತಕದಲ್ಲಿ ಟಿಲ್ ನೆನಪಿನ ಜಾಗಗಳನ್ನೆಲ್ಲ ಹೀಗೆ ಸೋಸಿ ನೋಡಿದ್ದಾರೆ. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಹುಡುಗನನ್ನು ಹಿಂಸಿಸಿದ್ದು ಪಕ್ಕದ ಸನ್‌ಫ್ಲವರ್ ಕೌಂಟಿಯ ಡ್ರೂ ಊರಿನ ಹತ್ತಿರದ ಒಂದು ಕಣಜದ ಕೊಟ್ಟಿಗೆಯಲ್ಲಿ. ಅಲ್ಲಿಂದ ಕೂಗು ಕೇಳಿದ್ದನ್ನು ವಿಲ್ಲಿ ರೀಡ್ ಅನ್ನುವ 18 ವರ್ಷದ ಹುಡುಗ ಕೋರ್ಟಿನಲ್ಲಿ ಹೇಳಿದ್ದ. ಆದರೆ ಲುಕ್ ಪತ್ರಿಕೆಯ ಕಥೆಯಲ್ಲಿ ಆ ಕೊಟ್ಟಿಗೆ ಇಲ್ಲ, ಅಲ್ಲಿದ್ದ ಬೇರೆ ಜನರೂ ಇಲ್ಲ. ಬಿಡುಗಡೆಯಾದ ಇಬ್ಬರು ಮಾತ್ರ ಇದ್ದಾರೆ. ಉಳಿದವರ ಹೆಸರು ಬಂದರೆ ಅವರ ಮೇಲೆ ಕೇಸು ಹಾಕಬಹುದಿತ್ತಲ್ಲ! ಜನ ಆ ಪತ್ರಿಕೆಯ ಕಥೆಯನ್ನೇ ನಂಬಿದರು. ಕೊಟ್ಟಿಗೆಯ ಮುಂದೆ ದಶಕಗಟ್ಟಲೆ ಒಂದು ಬೋರ್ಡೂ ಬರಲಿಲ್ಲ. ಕೊಂದವರು ಹೇಳಿದ ಸುಳ್ಳು ನೆನಪಿನ ನಕ್ಷೆಯನ್ನೂ ಬರೆದುಬಿಟ್ಟಿತು.

ಮನಿ ಹಳ್ಳಿಯಲ್ಲಿ ಬ್ರಯಂಟ್ ಅಂಗಡಿ ಈಗ ಬಳ್ಳಿ ಹಬ್ಬಿದ ಮುರುಕು ಗೋಡೆ. ಮುಂದೆ 2011ರಲ್ಲಿ ನೆಟ್ಟ ಫಲಕವಿದೆ, ಅದನ್ನೂ 2017ರಲ್ಲಿ ಕೆರೆದು ಹಾಳು ಮಾಡಿದ್ದರು. ಪಕ್ಕದಲ್ಲಿ ಹಳೆಯ ಪೆಟ್ರೋಲ್ ಬಂಕೊಂದು ಬಣ್ಣ ಬಳಿದುಕೊಂಡು ಹೊಸದರಂತೆ ನಿಂತಿದೆ. ನಾಗರಿಕ ಹಕ್ಕುಗಳ ಇತಿಹಾಸ ಉಳಿಸಲು ಕೊಡುವ ರಾಜ್ಯದ ಅನುದಾನದಲ್ಲಿ 2 ಲಕ್ಷ ಡಾಲರ್ ಬಂದದ್ದು ಈ ಬಂಕಿಗೆ. ಕೊಲೆಯ ಕಥೆಯಲ್ಲಿ ಬಂಕಿಗೆ ಪಾತ್ರವೇ ಇಲ್ಲ!

ವಾಪಸು ಬರುವಾಗ ಸಮ್ನರ್‌ನಲ್ಲಿ ನಿಂತೆವು. ಕೋರ್ಟು ಕಟ್ಟಡವನ್ನು 1955ರಲ್ಲಿದ್ದ ಹಾಗೆಯೇ ಮತ್ತೆ ಸಜ್ಜು ಮಾಡಿದ್ದಾರೆ. ಅಂಗಳದಲ್ಲಿ ಟಿಲ್ ವಿಚಾರಣೆಯ ಫಲಕ ಒಂದು ಕಡೆ, 1913ರಲ್ಲಿ ನಿಲ್ಲಿಸಿದ ಕಾನ್ಫೆಡರೇಟ್ ಸೈನಿಕನ ಪ್ರತಿಮೆ ಇನ್ನೊಂದು ಕಡೆ. ಮೋಸಸ್ ರೈಟ್ ಸಾಕ್ಷಿ ಹೇಳಲು ಆ ಪ್ರತಿಮೆಯನ್ನು ದಾಟಿಕೊಂಡೇ ಒಳಗೆ ಹೋಗಿರಬೇಕು.

ನಾವು ಹೋಗಿ ಬಂದ ಮರುವರ್ಷ, 2023ರ ಜುಲೈನಲ್ಲಿ, ಗ್ರಾಬಾಲ್ ಲ್ಯಾಂಡಿಂಗ್, ಸಮ್ನರ್ ಕೋರ್ಟು ಮತ್ತು ಷಿಕಾಗೋದಲ್ಲಿ ಶವಸಂಸ್ಕಾರದ ಪ್ರಾರ್ಥನೆ ನಡೆದ ಚರ್ಚು, ಮೂರನ್ನೂ ಸೇರಿಸಿ ಅಧ್ಯಕ್ಷ ಬೈಡನ್ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. 317 ತೂತಿನ ಬೋರ್ಡನ್ನು ಅದಕ್ಕೂ ಮೊದಲೇ, 2021ರಲ್ಲಿ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಓದಲಾಗದ ಹಾಗೆ ಮಾಡಬೇಕು ಅಂತ ಹೊಡೆದ ಬೋರ್ಡನ್ನು ಈಗ ದೇಶದವರೆಲ್ಲ ಬಂದು ಓದಿದರು.

ಆದರೆ ನನಗೆ ಹೆಚ್ಚು ನೆನಪಿರುವುದು ನದಿದಂಡೆಯ ಆ ಸಂಜೆ. ಓದಿ ಮುಗಿಸಿದ ಮೇಲೆ ಹೆಂಡತಿ ಬೋರ್ಡಿನ ಮೇಲೆ ಅಂಗೈ ಸವರಿ ನೋಡುತ್ತಿದ್ದಳು. "ಏನೇ ಹುಡುಕ್ತಿದ್ದೀಯ?" ಅಂದೆ. "ಗುಂಡು ಬಿದ್ದಿದೆಯಾ ಅಂತ" ಅಂದಳು. ಬೋರ್ಡಿನ ಹಿಂದಕ್ಕೂ ಹೋಗಿ ನೋಡಿದಳು. ಅವತ್ತಿನವರೆಗೆ ಎಲ್ಲೂ ಒಂದು ಗೀರೂ ಇರಲಿಲ್ಲ.